ಸಪ್ಪಳ ನುಂಗಿದ ಫೋನು

ನಾನು ಶಾಲೆ ಬಿಟ್ಟಿದ್ದು ೧೯೯೮ರಲ್ಲಿ, ಒಂಬತ್ತನೆಯ ಇಯತ್ತೆಯ ಅರ್ಧಕ್ಕೆ. ಆಮೇಲೆ ನಾನು ಓದಿದ್ದೆಲ್ಲ ಫೋನುಗಳನ್ನು. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ ಇದೆ. ಅಲ್ಲಿಗೆ ಬಂದವರು ಇಂದಿನವರೆಗೂ ನನ್ನ ಮಾರ್ಕ್ಸ್ ಕಾರ್ಡ್ ಕೇಳಿಲ್ಲ. ಯಾವ ಫೋನು ತೊಗೊಳ್ಳಲಿ ಎಂದೇ ಕೇಳಿದ್ದಾರೆ.

ನನಗೊಂದು ರೂಢಿಯಿತ್ತು. ದೊಡ್ಡ ಕಂಪನಿಯ ದುಬಾರಿ ಫೋನು ಬಿಡುಗಡೆಯಾಗುವ ಮೊದಲೇ, ಅದರ ಬಗ್ಗೆ ವಿಮರ್ಶಕರು ಏನು ಹೇಳಬಹುದು ಎಂದು ಅಂದಾಜು ಮಾಡಿ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಹಾಕುತ್ತಿದ್ದೆ. ಸುರಪುರ, ಯಾದಗಿರಿಯ ಸಣ್ಣ ಅಂಗಡಿಯವರು ಅದನ್ನು ಕೇಳಿ ಎಷ್ಟು ಮಾಲು ತರಿಸಬೇಕೆಂದು ನಿರ್ಧರಿಸುತ್ತಿದ್ದರು. ವಾಯ್ಸಿನಲ್ಲಿ ಎರಡು ಭಾಗ. ಮೊದಲನೆಯದು, ‘ಅವರು ಏನಂತಾರ’. ಅವರು ಎಂದರೆ ಬೆಂಗಳೂರು, ದಿಲ್ಲಿ, ಮುಂಬಯಿಯಲ್ಲಿ ಕುಳಿತು ವಿಡಿಯೋ ಮಾಡುವವರು, ಬರೆಯುವವರು. ಎರಡನೆಯದು, ‘ನಮ್ಮವರು ಏನಂತಾರ’. ಇವೆರಡೂ ಒಂದಾದದ್ದು ಕಡಿಮೆ. ಅವರು ಫೋನಿನ ತೂಕ ನೋಡಿದರೆ ನಮ್ಮವರು ಟಾರ್ಚಿನ ಬೆಳಕು ನೋಡುತ್ತಾರೆ. ಅವರು ಆಟ ಆಡಿಸಿ ಬಿಸಿ ನೋಡುತ್ತಾರೆ; ನಮ್ಮವರ ಫೋನು ಗದ್ದೆಯ ಬದುವಿನ ಮೇಲೆ ಇಟ್ಟಲ್ಲೇ ಬಿಸಿಯಾಗಿರುತ್ತದೆ.

ಈ ವಾಯ್ಸ್ ಸುತ್ತಾಡುತ್ತ ಒಂದು ಕಂಪನಿಯ ಏರಿಯಾ ಮ್ಯಾನೇಜರನ ಕಿವಿಗೂ ಬಿತ್ತು. ಹುಬ್ಬಳ್ಳಿ ಕಡೆಯ ಹುಡುಗ, ಓದಿದವನು, ಮಾತು ನಯ. ಹೋಳಿ ಮುಗಿದು ಬಿಸಿಲು ಏರುವ ಹೊತ್ತಿಗೆ ಅಂಗಡಿಗೆ ಬಂದು, ಬ್ಯಾಗಿನಿಂದ ದಪ್ಪ ಕರಿ ಕವರಿನೊಳಗೆ ಕುಳಿತಿದ್ದ ಒಂದು ಫೋನು ತೆಗೆದು ಕೌಂಟರಿನ ಕೆಳಗಿನಿಂದ ನನ್ನ ಕೈಗಿಟ್ಟ.

"ಅಣ್ಣಾರ, ಇದು ಇನ್ನೂ ಹುಟ್ಟಿಲ್ಲ" ಅಂದ. "ಎರಡು ತಿಂಗಳಿಗೆ ಬರ್ತೈತಿ. ಎರಡು ವಾರ ನಿಮ್ಮ ಕಡೆ ಇರಲಿ. ಬಂದ ಮ್ಯಾಲ ವಿಮರ್ಶಕರು ಎಲ್ಲೆಲ್ಲಿ ಹೊಗಳತಾರ, ಎಲ್ಲೆಲ್ಲಿ ಹೊಡೀತಾರ, ಅದನ್ನ ಈಗ ಹೇಳ್ರಿ. ಮ್ಯಾಲಿನವರು ದೊಡ್ಡ ಊರಿಲ್ಲದ ಕಡೆಯಿಂದ ನಾಲ್ಕೈದು ಮಂದಿನ ಆರಿಸ್ಯಾರ. ವರದಿ ಮ್ಯಾಲ ನಿಮ್ಮ ಹೆಸರು ಇರತೈತಿ."

"ಜನರ ಕೈಗೆ ಕೊಡಬಹುದೇನ್ರಿ?"

"ಕೊಡ್ರಿ. ಕವರ್ ಬಿಚ್ಚಬ್ಯಾಡ್ರಿ, ಕಂಪನಿ ಹೆಸರು ಹೇಳಬ್ಯಾಡ್ರಿ."

ನನ್ನ ಹೆಸರು ಎಂಬ ಮಾತು ನನ್ನೊಳಗೆ ಎಷ್ಟು ದೂರ ಹೋಯಿತೆಂದು ಆ ಹುಡುಗನಿಗೆ ಗೊತ್ತಾಗಿರಲಿಕ್ಕಿಲ್ಲ. ಫೋನು ಮಾರುವವನಿಗೆ ಸಿಗುವುದು ಯಾವಾಗಲೂ ಮುಗಿದ ಫೋನು. ಅದು ಹೀಗಿರಬೇಕು, ಹಾಗಿರಬಾರದು ಎಂದು ಹೇಳುವ ಜಾಗ ನನಗೆ ಸಿಗಬಹುದೆಂದು ಬಹಳ ವರ್ಷ ಆಸೆಪಟ್ಟಿದ್ದೆ.

ಮರುದಿನದಿಂದ ಕೆಲಸಕ್ಕೆ ಇಳಿದೆ. ಮೊದಲು ಬಿಸಿ. ಮಧ್ಯಾಹ್ನ ಮಾಳಿಗೆಯ ಮೇಲೆ ಬರಿ ನೆಲಕ್ಕೆ ಇಟ್ಟು, ವಿಡಿಯೋ ತೆಗೆಯಲು ಬಿಟ್ಟು, ಯಾವಾಗ ತಾನಾಗಿ ನಿಲ್ಲುತ್ತದೆ ಎಂದು ಬಾಗಿಲ ನೆರಳಿನಲ್ಲಿ ಕೂತು ನೋಡಿದೆ. ನಿಂತಿತು, ಆದರೆ ಹಿಂದಿನ ಮಾಡೆಲ್ಲಿಗಿಂತ ತಡವಾಗಿ ನಿಂತಿತು. ಇದನ್ನು ಅವರು ಹೊಗಳುತ್ತಾರೆ ಎಂದು ತಲೆಯಲ್ಲಿ ಇಟ್ಟುಕೊಂಡೆ. ಆಮೇಲೆ ಸಿಗ್ನಲ್. ಬೋನಾಳದ ಕೆರೆಯ ಏರಿಯ ಮೇಲೆ ಒಂದು ಕಡೆ ಎಲ್ಲ ಫೋನುಗಳೂ ಸುಮ್ಮನಾಗುತ್ತವೆ. ಇದು ಅಲ್ಲಿಯೂ ಒಂದು ಕಡ್ಡಿ ಹಿಡಿದುಕೊಂಡಿತ್ತು. ಬೆರಳಚ್ಚು ಮಾತ್ರ ಕೈಕೊಟ್ಟಿತು. ಹತ್ತಿ ಬಿಡಿಸಿ, ಕಲ್ಲು ಹೊತ್ತು ಗೆರೆ ಸವೆದ ಹೆಬ್ಬೆರಳುಗಳನ್ನು ಅದು ಗುರುತಿಸಲಿಲ್ಲ. ಇದು ವಿಮರ್ಶಕರಿಗೆ ತಿಳಿಯುವುದಿಲ್ಲ, ಅವರ ಹೆಬ್ಬೆರಳು ಮೆತ್ತಗಿರುತ್ತದೆ.

ಕ್ಯಾಮೆರಾ ನೋಡಲು ದೇವಾಪುರಕ್ಕೆ ಹೋದೆ. ಅಲ್ಲಿ ನನ್ನ ಹಳೆಯ ಗಿರಾಕಿಯೊಬ್ಬ, ಮೆಣಸಿನಕಾಯಿ ಬೆಳೆಗಾರ, ಕಣದ ತುಂಬ ಕಾಯಿ ಒಣಹಾಕಿದ್ದ. ಫೋಟೋ ತೆಗೆದು ತೋರಿಸಿದೆ. ಕೆಂಪು ಎಂಥ ಕೆಂಪು ಬಂದಿತ್ತೆಂದರೆ, ಕಣದಲ್ಲಿ ಬಿದ್ದ ಕಾಯಿ ಅದರ ಮುಂದೆ ಮಾಸಿದ ಅರಿವೆಯಂತೆ ಕಂಡವು.

ಅವನು ಫೋನು ನೋಡಿದ, ಕಣ ನೋಡಿದ. "ಶೇಠ, ಈ ಫೋನ ನನಗ ಬ್ಯಾಡ. ಬ್ಯಾಡಗಿ ವ್ಯಾಪಾರಿಗೆ ಕೊಡು" ಅಂದ.

"ಯಾಕೋ?"

"ಈ ಫೋಟೋ ಕಳಿಸಿದ್ನಂದ್ರ ಅವ ಓಡಿ ಬರತಾನ. ಬಂದು ಕಾಯಿ ನೋಡಿ, ಇವು ಫೋಟೋದ್ದಲ್ಲ ಅಂತ ಸಂಜಿತನ ಜಗಳಕ್ಕ ನಿಲ್ತಾನ. ಅವನ ಕೂಡ ಯಾರು ಬಾಯಿ ಹಚ್ಚಬೇಕು?"

ನಕ್ಕು ಬಂದೆ. ಬಣ್ಣ ಹೆಚ್ಚೆಂದು ಕೆಲವರು ಹೊಡೆಯುತ್ತಾರೆ, ಹಲವರು ಹೊಗಳುತ್ತಾರೆ ಎಂದು ಅಂದಾಜು ಕಟ್ಟಿದೆ. ಇಲ್ಲಿಯವರೆಗೆ ಕೆಲಸ ನೆಟ್ಟಗೆ ನಡೆದಿತ್ತು.

ಈಗ ನನ್ನ ಹೆಂಡತಿಯ ಮಾತು ಹೇಳಬೇಕು. ಅವಳು ನರ್ಸ್. ಮದುವೆಯಾದ ಮೇಲೆ ಓದಿಸಿದವನು ನಾನು. ನಾನು ಬಿಟ್ಟದ್ದನ್ನು ಅವಳಾದರೂ ಮುಗಿಸಲಿ ಎಂಬ ಹಟ ನನಗಿತ್ತು. ಸರ್ಕಾರಿ ಕೆಲಸ ಸಿಕ್ಕಿತು. ಸಿಕ್ಕಿದ್ದು ಕುಮಟಾದ ಆಚೆ, ಸಮುದ್ರದ ದಂಡೆಗೆ. ವರ್ಗಾವಣೆಗೆ ಅರ್ಜಿ ಹಾಕುತ್ತಲೇ ಇದ್ದೇವೆ. ಸಂಜೆ ಡ್ಯೂಟಿ ಇಲ್ಲದ ದಿನ ಅವಳು ಊಟಕ್ಕೆ ಕೂತಾಗ ನಾನು ಫೋನು ಮಾಡುತ್ತೇನೆ. ಮಾತು ಎರಡು ಮಿನಿಟಿಗೆ ಮುಗಿಯುತ್ತದೆ. ಆಮೇಲೆ ಅವಳು, "ಇನ್ನ ಗೂಡಿನ್ಯಾಗ ಇಡ್ರಿ" ಅನ್ನುತ್ತಾಳೆ. ನಮ್ಮ ಅಡುಗೆಮನೆಯ ಗೋಡೆಯಲ್ಲಿ, ಒಲೆಯ ಮಗ್ಗುಲಿಗೆ, ಹಿಂದೆ ಚಿಮಣಿ ದೀಪ ಇಡುತ್ತಿದ್ದ ಒಂದು ಗೂಡಿದೆ. ಸ್ಪೀಕರ್ ಹಾಕಿ ಫೋನನ್ನು ಅದರಲ್ಲಿ ಇಟ್ಟು ನಾನು ನನ್ನ ಕೆಲಸಕ್ಕೆ ಹೋಗುತ್ತೇನೆ. ಇಲ್ಲಿ ನನ್ನ ಅವ್ವ ರೊಟ್ಟಿ ಬಡಿಯುತ್ತಾಳೆ, ಅಲ್ಲಿ ಅವಳು ಅನ್ನ ಉಣ್ಣುತ್ತಾಳೆ. ಹಂಚಿನ ಮೇಲೆ ನೀರು ಸವರಿದ್ದು, ಎಮ್ಮೆ ಒದರಿದ್ದು, ಓಣಿಯಲ್ಲಿ ಬಂಡಿ ಹೋದದ್ದು, ಎಲ್ಲ ಕೇಳುತ್ತದೆ. ಊಟ ಮುಗಿದ ಮೇಲೆ ಅವಳೇ ಫೋನು ಇಡುತ್ತಾಳೆ. ಹೀಗೆ ಆ ದಿನಗಳಲ್ಲಿ ಅವಳು ನಮ್ಮ ಮನೆಯಲ್ಲೇ ಉಂಡು ಏಳುತ್ತಿದ್ದಳು.

ಅದು ಬರೀ ಸಮಾಧಾನದ ಮಾತಲ್ಲ. ಒಂದು ಸಲ ಅಲ್ಲಿಂದಲೇ, "ಅತ್ತಿ ಬಲಗೈ ನೋಯಾಕತ್ತದೇನ್ರಿ? ಬಡಿಯೋದು ಹಗುರ ಆಗೇದ" ಎಂದು ಕೇಳಿದ್ದಳು. ಅವ್ವ ನನ್ನಿಂದ ಮುಚ್ಚಿಟ್ಟಿದ್ದ ಮಣಿಕಟ್ಟಿನ ಬಾವು ಆವತ್ತು ಹೊರಗೆ ಬಂದಿತ್ತು.

ಹೊಸ ಫೋನು ಬಂದ ನಾಲ್ಕನೆಯದೋ ಐದನೆಯದೋ ಸಂಜೆ ನನ್ನ ಸಿಮ್ ಅದಕ್ಕೆ ಹಾಕಿ ಅವಳಿಗೆ ಹಚ್ಚಿದೆ. ಪರೀಕ್ಷೆಯೂ ಆಯಿತು, ಊಟವೂ ಆಯಿತು ಎಂದುಕೊಂಡೆ.

"ನಿಮ್ಮ ಧ್ವನಿ ಭಾಳ ಚಲೋ ಕೇಳಾಕತ್ತದ" ಅಂದಳು. "ಮಗ್ಗಲದಾಗ ಕುಂತು ಮಾತಾಡಿದಂಗ."

ಖುಷಿಯಾಯಿತು. ಗೂಡಿನಲ್ಲಿ ಇಟ್ಟೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ಧ್ವನಿ ಬಂತು.

"ಏನ್ರಿ, ಎಲ್ಲಿ ಇಟ್ಟೀರಿ?"

"ಗೂಡಿನ್ಯಾಗ ಅದ."

"ಅತ್ತಿ ಊರಾಗ ಇಲ್ಲೇನು?"

"ಇಲ್ಲೇ ಕುಂತು ರೊಟ್ಟಿ ಬಡಿಯಾಕತ್ತಾಳಲ್ಲ."

"ಇಲ್ರಿ. ಏನೂ ಇಲ್ಲ. ಬಾವಿ ಒಳಗ ಕಿವಿ ಇಟ್ಟಂಗ ಆಗೇದ."

ಅವ್ವ ಕೈ ನಿಲ್ಲಿಸಿ ಗೂಡಿನ ಕಡೆ ನೋಡಿದಳು. "ಏ ತಮ್ಮಾ, ಹೆಂತಾ ಫೋನೋ ಇದು? ನಾ ಇಷ್ಟು ಬಡಿದ್ರೂ ಕೇಳವಲ್ದಂತ. ಓಣಿಗೆಲ್ಲ ಕೇಳತದ" ಅಂದಳು. ಅವ್ವನಿಗೆ ತನ್ನ ರೊಟ್ಟಿಗೇ ಅವಮಾನ ಮಾಡಿದಂತಾಗಿತ್ತು.

ಕಾರಣ ನನಗೆ ಗೊತ್ತಿತ್ತು. ಮಾತು ಬಿಟ್ಟು ಉಳಿದ ಸಪ್ಪಳವನ್ನೆಲ್ಲ ಗದ್ದಲವೆಂದು ತಿಳಿದು ಅಳಿಸಿಹಾಕುವ ಪ್ರೋಗ್ರಾಮು ಅದು. ಹಿಂದಿನ ಫೋನುಗಳಲ್ಲಿಯೂ ಇತ್ತು, ಅಷ್ಟು ಚುರುಕು ಇರಲಿಲ್ಲ. ಇದು ಒಂದು ಹನಿಯನ್ನೂ ಬಿಡುತ್ತಿರಲಿಲ್ಲ. ನಿಲ್ಲಿಸುವ ಬಟನ್ ಹುಡುಕಿದೆ. ಸೆಟ್ಟಿಂಗಿನ ಒಳಗೆ, ಅದರ ಒಳಗೆ, ಎಲ್ಲ ಕಡೆ ನೋಡಿದೆ. ಇರಲಿಲ್ಲ. ಅವತ್ತು ಅವಳು ಬೇಗ ಫೋನು ಇಟ್ಟಳು.

ಎರಡು ದಿನ ಇದನ್ನು ವರದಿಗೆ ಸೇರಿಸಲಿಲ್ಲ. ನನ್ನ ಹೆಂಡತಿಯ ಹಂಬಲವನ್ನು ಕಂಪನಿಯ ತಪ್ಪೆಂದು ಬರೆಯುವುದು ಸರಿಯೇ ಎಂಬ ಅನುಮಾನ. ಗಂಡ ಹೆಂಡಿರ ಮಾತು ಬೇರೆ, ಫೋನಿನ ಗುಣ ಬೇರೆ. ನಾನು ನನ್ನ ಹಳೆಯ ಫೋನಿಗೆ ಸಿಮ್ ಹಾಕಿಕೊಂಡೆ, ಗೂಡಿನ ಊಟ ಮೊದಲಿನಂತೆ ನಡೆಯಿತು. ಅಲ್ಲಿಗೆ ಬಿಡಬಹುದಿತ್ತು.

ಬಿಡಲು ಆಗದಂತೆ ಮಾಡಿದ್ದು ಕೊಂಕಲ್. ರಿಪೇರಿಯಾದ ಒಂದು ಫೋನು ಮುಟ್ಟಿಸಲು ಆ ಊರಿಗೆ ಹೋಗಿದ್ದೆ. ಆ ಮನೆಯ ಸೊಸೆ, ಈಚೆಗೆ ಬಾಣಂತನ ಮುಗಿಸಿದವಳು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಗಂಡ ಪುಣೆಯಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗಿದ್ದ. ಅವನದು ಬಟನ್ ಫೋನು, ಮುಖ ನೋಡುವಂತಿಲ್ಲ, ಮಾತು ಅಷ್ಟೇ. ಜನರ ಕೈಗೆ ಕೊಡಿ ಎಂದು ಮ್ಯಾನೇಜರ್ ಅಂದಿದ್ದನಲ್ಲ, ಕರಿ ಕವರಿನ ಫೋನಿಗೆ ನನ್ನ ಸಿಮ್ ಹಾಕಿ ಅವಳಿಗೆ ಕೊಟ್ಟು, "ಮಾತಾಡವ್ವ, ಹ್ಯಾಂಗ ಕೇಳತದ ನೋಡಿ ಹೇಳು" ಅಂದೆ. ಎರಡೂ ಕಡೆಯ ಮಾತು ನನಗೂ ಕೇಳಲೆಂದು ಸ್ಪೀಕರ್ ಹಾಕಿದೆ.

ಗಂಡ ಹೆಂಡತಿ ಊಟ, ಕೂಲಿ, ಬಿಸಿಲು ಮಾತಾಡಿದರು. ಅಷ್ಟರಲ್ಲಿ ಕೂಸು ಎದ್ದು ಗಿಲಗಿಲ ಅನ್ನತೊಡಗಿತು. ಕೈಕಾಲು ಬಡಿಯುತ್ತ, ತನ್ನದೇ ಒಂದು ಭಾಷೆಯಲ್ಲಿ, ಜೋರಾಗಿ.

"ಕೇಳಾಕತ್ತದೇನ್ರಿ?" ಅವಳು ನಗುತ್ತ ಕೇಳಿದಳು.

"ಏನು?"

"ನಿಮ್ಮ ಮಗ. ಬೈಯಾಕತ್ತಾನ ನಿಮಗ."

"ಎಲ್ಲಿ ಅದಾನ?"

"ನನ್ನ ತೊಡಿ ಮ್ಯಾಲ."

"ಇನ್ನೊಂದಿಷ್ಟು ಹಂತ್ಯಾಕ ಹಿಡಿ" ಎಂದಿತು ಆ ಕಡೆಯ ಧ್ವನಿ. ಅವಳು ಫೋನನ್ನು ಕೂಸಿನ ಬಾಯಿಯ ಹತ್ತಿರ ಹಿಡಿದಳು. ಕೂಸು ಕೂಗಿತು. ಅವನು "ಹಾಂ, ಈಗರ ಅನಸು ನೋಡೂಣು" ಅಂದ. ಅದು ಅನ್ನುತ್ತಲೇ ಇತ್ತು. ಅಪ್ಪ ಕಾಯುತ್ತಲೇ ಇದ್ದ. ಕೊನೆಗೆ ಅವನೇ, "ಮಕ್ಕೊಂಡಿದ್ರ ಎಬ್ಬಿಸಬ್ಯಾಡ ಬಿಡು" ಅಂದುಬಿಟ್ಟ.

ಅವಳು ನನ್ನ ಮುಖ ನೋಡಿದಳು. ನಾನು ಫೋನು ತೆಗೆದುಕೊಂಡು, ಅವರದೇ ರಿಪೇರಿಯಾದ ಫೋನಿನಿಂದ ಮತ್ತೆ ಹಚ್ಚಿಕೊಟ್ಟು ಹೊರಟೆ. ಬೈಕಿನ ಮೇಲೆ ಬರುವಾಗ ಲೆಕ್ಕ ತಾನಾಗಿ ಕೂಡಿತು. ಕೊಂಕಲ್ಲಿನ ಆ ಸೊಸೆ ಇಂಥ ದುಬಾರಿ ಫೋನು ಕೊಳ್ಳುವುದಿಲ್ಲ. ಆದರೆ ಈ ವರ್ಷ ದೊಡ್ಡ ಫೋನಿನಲ್ಲಿ ಬಂದದ್ದು ಒಂದೆರಡು ವರ್ಷಕ್ಕೆ ಸಣ್ಣ ಫೋನಿಗೆ ಇಳಿದೇ ಇಳಿಯುತ್ತದೆ. ಆಗ ನಮ್ಮ ಸೀಮೆಯಿಂದ ದುಡಿಯಲು ಹೋದ ಅಷ್ಟೂ ಗಂಡಸರಿಗೆ ಮನೆಯ ಕಡೆಯಿಂದ ಮಾತು ಮಾತ್ರ ಹೋಗುತ್ತದೆ, ಮನೆ ಹೋಗುವುದಿಲ್ಲ. ಒಂದು ಬಟನ್ ಈಗಲೇ ಇಡಿಸಬೇಕು. ಕೆಳಗಿನ ಫೋನಿಗೆ ಇಳಿಯುವಾಗ ಬಟನ್ನೂ ಜೊತೆಗೆ ಇಳಿಯಲಿ.

ಎರಡು ವಾರ ಮುಗಿದು ಮ್ಯಾನೇಜರ್ ಬಂದ. ನಾನು ಕನ್ನಡದಲ್ಲಿ ಬರೆದಿಟ್ಟಿದ್ದೆ, ಅವನು ಇಂಗ್ಲಿಷಿಗೆ ಮಾಡಿ ಕಳಿಸಬೇಕಿತ್ತು. ಓದುತ್ತ ಹುಬ್ಬು ಏರಿಸಿದ.

"ಅಣ್ಣಾರ, ಇದೇನಿದು? ಮೊದಲ್ನೇ ಮಾತಿಗೇ ರೊಟ್ಟಿ ಬರದೀರಿ."

"ರೊಟ್ಟಿ ಅಲ್ರಿ. ರೊಟ್ಟಿ ಸಪ್ಪಳ."

"ಇದನ್ನ ನಾ ಇಂಗ್ಲಿಷ್‌ನ್ಯಾಗ ಹ್ಯಾಂಗ ಬರೀಲಿ?"

"ನೀವು ಹುಬ್ಬಳ್ಳಿ ಕಡೆಯವರು. ನಿಮ್ಮ ಮನ್ಯಾಗ ಏನು ಬ್ರೆಡ್ ಬಡೀತಾರೇನ್ರಿ?"

ನಕ್ಕ. ಚಹಾ ತರಿಸಿದೆ. ಅವನು ಗಂಭೀರವಾಗಿ ಕೇಳಿದ, "ವಿಮರ್ಶಕರು ಇದನ್ನ ಹೊಡೀತಾರ ಅಂತೀರೇನು?"

ಇಲ್ಲಿಯೇ ನನ್ನ ಬಿಕ್ಕಟ್ಟು ಇದ್ದದ್ದು. "ಇಲ್ರಿ" ಅಂದೆ. "ಹೊಗಳತಾರ. ಬಾಯಿ ತುಂಬ ಹೊಗಳತಾರ. ಗದ್ದಲದಾಗ ನಿಂತು ಮಾತಾಡಿ, ನೋಡ್ರಿ ಎಷ್ಟು ಸ್ವಚ್ಛ ಅಂತ ತೋರಸ್ತಾರ."

"ಮತ್ತ? ಕಂಪನಿ ಕೇಳಿದ್ದು ಅವರು ಏನಂತಾರ ಅಂತ. ಹೊಗಳತಾರಂದ್ರ ಸಮಸ್ಯೆ ಏನೈತಿ?" ಧ್ವನಿ ಇಳಿಸಿ, "ಬಟನ್ ಬೇಕೇ ಬೇಕಂದ್ರ, ಹೊಡೀತಾರ ಅಂತ ಬರೀರಿ. ಮ್ಯಾಲಿನವರು ಅಂಜಿ ಹಾಕತಾರ. ನಾನೇನು ಬ್ಯಾಡನ್ನಂಗಿಲ್ಲ" ಅಂದ.

ಅವನು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನೂ ಒಂದು ಗಳಿಗೆ ಆ ಕಡೆ ವಾಲಿದೆ. ಆದರೆ ನನ್ನ ಹತ್ತಿರ ಇರುವ ಒಂದೇ ಸರಕು ಅಂದಾಜು. ಅದರಲ್ಲಿ ಬೆರಕೆ ಮಾಡಿದರೆ ಸುರಪುರದ ಅಂಗಡಿಯವನಿಗೆ ನಾಳೆ ನಾನು ಯಾವ ಮುಖದಿಂದ ಮಾತಾಡಲಿ? ಆಗುವುದಿಲ್ಲ ಅಂದೆ.

"ಹಂಗಾದ್ರ ಕಡೀಕ ‘ಇತರೆ’ ಅನ್ನೋ ಕಡೆ ಹಾಕೂಣ."

"ಇತರೆ ಯಾರು ಓದತಾರ್ರಿ?"

ನಾನು ಹಾಳೆ ತೆಗೆದುಕೊಂಡೆ. ಬಿಸಿಲಿನ ಪರೀಕ್ಷೆ, ಕೆರೆಯ ಏರಿ, ಸವೆದ ಹೆಬ್ಬೆರಳು, ಮೆಣಸಿನಕಾಯಿಯ ಕೆಂಪು, ಎಲ್ಲದರ ಮೇಲೆ ಒಂದೊಂದೇ ಗೆರೆ ಎಳೆದೆ. ಅವೆಲ್ಲ ಖರೆ ಮಾತುಗಳೇ. ಆದರೆ ಹತ್ತು ಮಾತು ಕಳಿಸಿದರೆ ಮೇಲಿನವರು ತಮಗೆ ಸುಲಭವಾದ ಒಂಬತ್ತನ್ನು ಆರಿಸಿಕೊಳ್ಳುತ್ತಾರೆ. ಒಂದೇ ಕಳಿಸಿದರೆ ಅದನ್ನು ಓದಲೇಬೇಕು. ಉಳಿದದ್ದು ಇಷ್ಟು: ಕರೆಯ ಧ್ವನಿಯನ್ನು ವಿಮರ್ಶಕರು ಹೊಗಳುತ್ತಾರೆ, ಆ ಹೊಗಳಿಕೆ ನಂಬಿ ಇದನ್ನು ಹೀಗೇ ಬಿಡಬೇಡಿ, ಮನೆಯವರು ದೂರ ಇರುವ ಜನ ಫೋನು ಮಾಡುವುದು ಮಾತು ಕೇಳಲಿಕ್ಕೆ ಮಾತ್ರ ಅಲ್ಲ, ನಿಲ್ಲಿಸುವ ಬಟನ್ ಇಡಿ. ಕೆಳಗೆ ಕೊಂಕಲ್ಲಿನ ಕೂಸಿನ ಸಂಗತಿ.

ಮ್ಯಾನೇಜರ್ ಹಾಳೆ ಓದಿ ಮಡಚಿದ. "ಎರಡು ವಾರ ಇಟ್ಕೊಂಡು ಅರ್ಧ ಹಾಳಿ ಕಳಿಸ್ಯಾರ, ಇವ್ರೇನೂ ಮಾಡಿಲ್ಲ ಅಂತಾರ ಅಣ್ಣಾರ. ಮುಂದಿನ ಸಲ ಫೋನು ಬ್ಯಾರೆ ಊರಿಗೆ ಹೋಗತೈತಿ."

"ಹೋಗಲಿ ಬಿಡ್ರಿ" ಅಂದೆ. ಬಾಯಿ ಅಂದಿತು. ಒಳಗೆ, ಹೋಗದಿರಲಿ ಎಂದೇ ಇತ್ತು.

ಫೋನು ಬಿಡುಗಡೆಯಾದ ದಿನ ಅಂಗಡಿಯ ಟಿವಿಗೆ ವಿಮರ್ಶೆಗಳನ್ನು ಹಚ್ಚಿ ಒಂದಾದ ಮೇಲೊಂದು ನೋಡಿದೆ. ದರ ಹೆಚ್ಚಾಯಿತು ಎಂದರು. ಡಬ್ಬಿಯಲ್ಲಿ ಚಾರ್ಜರ್ ಇಲ್ಲ ಎಂದು ಹೊಡೆದರು. ಬಿಸಿ ತಡೆಯುವುದನ್ನು ಹೊಗಳಿದರು. ಒಬ್ಬ ರಸ್ತೆ ಕೊರೆಯುವ ಯಂತ್ರದ ಪಕ್ಕ ನಿಂತು ಗೆಳೆಯನಿಗೆ ಫೋನು ಮಾಡಿ, ಗಾಜಿನಷ್ಟು ತಿಳಿಯಾದ ಮಾತು ಎಂದ. ಆಮೇಲೆ ಹಾಗೆ ಹೇಳದವರೇ ಇರಲಿಲ್ಲ. ಎಂದಿನಂತೆ ಮೊದಲೇ ಹಾಕಿದ್ದ ನನ್ನ ವಾಯ್ಸ್ ಕೇಳಿದ್ದ ಸುರಪುರದ ಅಂಗಡಿಯವನು ಫೋನು ಮಾಡಿ, "ನೀ ಅಂದಂಗ ಆತು ನೋಡೋ ಮಾರಾಯಾ. ನಾಲಿಗಿ ಮ್ಯಾಲ ಮಚ್ಚಿ ಅದ ನಿನಗ" ಅಂದ. ನನಗೆ ರುಚಿಸಲಿಲ್ಲ. ಮೊದಲ ಡಬ್ಬಿ ಬಿಚ್ಚಿ ಸೆಟ್ಟಿಂಗ್ ತೆರೆದು ನೋಡಿದೆ. ಬಟನ್ ಇರಲಿಲ್ಲ.

ಆವತ್ತಿನ ವಾಯ್ಸಿನಲ್ಲಿ ನಾನು ಹೇಳಿದ್ದು, "ಅವರು ಹೊಗಳ್ಯಾರ, ಸುಳ್ಳಲ್ಲ. ಆದ್ರ ನಿಮ್ಮ ಮನ್ಯಾಗಿಂದ ಯಾರರ ದೂರ ಇದ್ರ, ಇದನ್ನ ತೊಗೋಬ್ಯಾಡ್ರಿ" ಎಂದು. ಆ ಸೀಸನ್ನಿನಲ್ಲಿ ಆ ಫೋನು ನನ್ನ ಕಪಾಟಿನಿಂದ ಹೆಚ್ಚು ಕದಲಲಿಲ್ಲ.

ದೀಪಾವಳಿ ಕಳೆದು ಒಂದು ಅಪ್‌ಡೇಟ್ ಬಂತು. ಸೆಟ್ಟಿಂಗಿನಲ್ಲಿ ಮೂರು ಬಾಗಿಲು ದಾಟಿ ಒಳಗೆ ಹೋದರೆ, ಸಣ್ಣ ಅಕ್ಷರದಲ್ಲಿ, ಸುತ್ತಲಿನ ಶಬ್ದ ಉಳಿಸಿಕೊಳ್ಳಿ ಎಂಬ ಅರ್ಥದ ಒಂದು ಬಟನ್. ಯಾರ ಮಾತಿಗೆ ಬಂತೋ ಗೊತ್ತಿಲ್ಲ. ಮ್ಯಾನೇಜರನಿಗೆ ಹಚ್ಚಿದೆ, ಅವನಿಗೂ ಗೊತ್ತಿರಲಿಲ್ಲ, ಅವನು ಬೇರೆ ರಾಜ್ಯಕ್ಕೆ ಹೋಗಿದ್ದ. ಮುಂದಿನ ವರ್ಷದ ಕರಿ ಕವರ್ ನನ್ನ ಅಂಗಡಿಗೆ ಬರಲಿಲ್ಲ. ಬಂದೀತೆಂದು ಬಹಳ ದಿನ ಬಾಗಿಲ ಕಡೆ ನೋಡಿದ್ದು ಹೌದು.

ಈಗ ಆ ಪ್ರೋಗ್ರಾಮು ಸಣ್ಣ ಫೋನುಗಳಿಗೂ ಇಳಿದಿದೆ, ಬಟನ್ ಸಮೇತ. ಯಾವ ಫೋನು ಮಾರಿದರೂ ಡಬ್ಬಿ ಬಿಚ್ಚಿ, ಸಿಮ್ ಹಾಕುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: "ಮನ್ಯಾಗಿಂದ ಯಾರರ ಹೊರಗ ಅದಾರೇನ್ರಿ?" ಗಿರಾಕಿಗಳು ಇದನ್ನು ಯಾವುದೋ ಸರ್ಕಾರಿ ಗಣತಿ ಎಂದುಕೊಂಡು ನಿಂತಲ್ಲೇ ಹೇಳಿಬಿಡುತ್ತಾರೆ. ಮಗ ಮುಂಬಯಿಯಾಗ. ತಮ್ಮ ಗೋವಾದಾಗ. ಅಳಿಯ ಹೋಗ್ಯಾನ, ಎಲ್ಲಿ ಅದಾನೋ ಫೋನಿಗೆ ಗೊತ್ತು. ಇಲ್ಲ ಅಂದವರು ಬಹಳ ಕಡಿಮೆ. ಬಟನ್ ಒತ್ತಿ ಕೊಡುತ್ತೇನೆ.

ಈ ಗಣತಿಯಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಹೇಳಲು ಲೆಕ್ಕ ಸಿದ್ಧವಿದೆ. ಸ್ವಂತ ಅಂಗಡಿ ಒಂದು. ಕಪಾಟು ಮೂರು. ರಿಪೇರಿಯ ಮೇಜು ಒಂದು, ಬೈಕು ಒಂದು, ಎಮ್ಮೆ ಎರಡು. ಮನೆಯಲ್ಲಿ ಅವ್ವ. ವರ್ಗಾವಣೆಯ ಅರ್ಜಿ ಆರು. ಹೆಂಡತಿ, ತಿಂಗಳಿಗೆ ಮೂರು ದಿನ.